ಬೂದಿ ಮುಚ್ಚುವ ಹೊತ್ತು

ಕುತಾಯಿಸಿಯಲ್ಲಿ, ರಿಯೋನಿ ಹೊಳೆಯ ಸೇತುವೆ ದಾಟಿ
ಎಡಕ್ಕೆ ಏಳು ಮೆಟ್ಟಿಲಿಳಿದರೆ ನಮ್ಮ ರೊಟ್ಟಿಯಂಗಡಿ.
ನೆಲದೊಳಗೆ ಹೂತ ಬಾವಿಯಂಥ ಒಲೆ.
ಅದರ ಒಳಗೋಡೆಗೆ ಹಿಟ್ಟು ಬಡಿದು ಅಂಟಿಸಬೇಕು
ಸೊಂಟದ ತನಕ ಬೆಂಕಿಯ ಬಾಯಿಗೆ ಬಗ್ಗಿ.
ನಾನು ಬಗ್ಗುವವಳಲ್ಲ. ನಾನು ಲಾಮಾರಾ,
ಲೆಕ್ಕ ಬರೆಯುವವಳು.

ಇಪ್ಪತ್ತೆರಡು ವರ್ಷ ಬರೆದಿದ್ದೇನೆ:
ಎಷ್ಟು ಮೂಟೆ ಹಿಟ್ಟು, ಎಷ್ಟು ಹೊರೆ ದ್ರಾಕ್ಷಿಕಡ್ಡಿ, ಎಷ್ಟು ಉಪ್ಪು.
ಯಾರು ಎಷ್ಟು ದಣಿದರು ಎಂಬುದಕ್ಕೆ
ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಜುಂಬೇರ್ ಒಲೆಗೆ ಬಗ್ಗುವಾಗ ಕತೆಯನ್ನು ಅರ್ಧಕ್ಕೆ ಬಿಡುತ್ತಾನೆ,
ಏಳುವಾಗ ಬಿಟ್ಟಲ್ಲಿಂದಲೇ ಹಿಡಿಯುತ್ತಾನೆ.
ಕಿಟಕಿಯಾಚೆಯ ಸಾಲು ಬಾಯಿ ಬಿಟ್ಟುಕೊಂಡು ಕಾಯುತ್ತದೆ,
ರೊಟ್ಟಿಗೋ ಕತೆಗೋ ಹೇಳಲಾರೆ.
ಸಾಲು ಬೆಳೆದಷ್ಟೂ ಅವನ ಕೈಗೆ ಕಸುವು.
ಹಿಮ ಬಿದ್ದು ಯಾರೂ ಬಾರದ ದಿನ
ಹಿಟ್ಟಿನ ಮೂಟೆಯ ಮೇಲೆ ಒದ್ದೆ ಚೀಲದ ಹಾಗೆ ಕೂತು
"ಯಾಕೋ ಹುಷಾರಿಲ್ಲ, ಲಾಮಾರಾ" ಎನ್ನುತ್ತಾನೆ,
ಒಂದೂ ರೊಟ್ಟಿ ಸುಡದೆ ಸುಸ್ತಾಗಿ.

ತ್ಸೋತ್ನೆ ಬೇರೆ.
ರಾತ್ರಿ ಮೂರಕ್ಕೆ ಒಬ್ಬನೇ ಬರುತ್ತಾನೆ.
ಒಮ್ಮೆ ಮರೆತ ಕನ್ನಡಕಕ್ಕೆಂದು ಬಂದವಳು ಮೆಟ್ಟಿಲಲ್ಲೇ ನಿಂತೆ:
ಹಿಟ್ಟಿನ ಜೊತೆ ಮಾತಾಡುತ್ತಿದ್ದ,
ಮೆತ್ತಗೆ, ಉದ್ದಕ್ಕೆ,
ಯಾರಿಗೂ ಕೇಳಿಸಬೇಕಿಲ್ಲದ ಮಾತು.
ಎಂಟಕ್ಕೆ ಸಾಲು ಬಂದದ್ದೇ
ಅವನೂ ಒಂದು ಗೋಡೆ.
"ಅಮ್ಮ ಹೇಗಿದ್ದಾರೆ?" ಎಂದು ಕೇಳಿದ ಪ್ರತಿಯೊಬ್ಬರೂ
ಅವನ ಮೂಟೆಯಿಂದ ಒಂದೊಂದು ಹಿಡಿ ಒಯ್ದರು.

ನಾನು ಅಂದುಕೊಂಡೆ: ಬೂದಿ ಮುಚ್ಚಿದ ಕೆಂಡ,
ಸ್ವಲ್ಪ ಊದಿದರೆ ಉರಿದಾನು.
ಕಲಸುವ ಕೆಲಸ ಮುಗಿದ ಮೇಲೆ ಕಿಟಕಿಗೆ ಕೂರಿಸಿದೆ.
ಒಳ್ಳೆಯದಕ್ಕೆಂದೇ.
ಆಣೆ ಮಾಡಿ ಹೇಳುತ್ತೇನೆ, ಚೆನ್ನಾಗಿ ನಿಭಾಯಿಸಿದ:
ನಕ್ಕ, ಚಿಲ್ಲರೆ ತಪ್ಪಲಿಲ್ಲ,
ಮುದುಕಿಯರ ಮಂಡಿನೋವನ್ನು ಹೆಸರು ಹಿಡಿದು ವಿಚಾರಿಸಿದ.
ಬೀದಿಯೆಲ್ಲ ಹೊಗಳಿತು. ನಾನು ಬೀಗಿದೆ.
ಮೂರನೇ ವಾರ ಅವನ ತಂಗಿ ಖಾತುನಾ ಬಂದಳು:
"ಅಣ್ಣ ಬೂಟು ಬಿಚ್ಚದೆ ಮಲಗುತ್ತಾನೆ.
ಇಲ್ಲಿ ಅವನಿಗೆ ಏನು ಹೊರಿಸುತ್ತೀರಿ?"

ಏನು ಹೊರಿಸಿದ್ದೆ? ಒಂದು ಸ್ಟೂಲು, ಒಂದು ಕಿಟಕಿ.

ಮರುದಿನದ ರೊಟ್ಟಿಗೆ ಉಪ್ಪಿರಲಿಲ್ಲ.
ನೂರಾನಲವತ್ತು, ಅಷ್ಟೂ ಸಪ್ಪೆ.
ಅವನು ಕ್ಷಮೆ ಕೇಳಲಿಲ್ಲ.
ಕೇಳುವಷ್ಟೂ ಉಳಿದಿರಲಿಲ್ಲ.

ಆ ರಾತ್ರಿ ಪುಸ್ತಕ ತೆರೆದು ಕೂತೆ.
ನನ್ನದೇ ಕಸುವು ಎಲ್ಲಿ ಸೋರುತ್ತದೆ, ಎಲ್ಲಿ ತುಂಬುತ್ತದೆ?
ಹೇಳಲು ನಾಚಿಕೆ:
ಹಿಟ್ಟಿನ ವ್ಯಾಪಾರಿ ಬಾದ್ರಿ ತೂಕದಲ್ಲಿ ಮೋಸ ಮಾಡಿ
ನಾನು ತಕ್ಕಡಿಯನ್ನು ಅವನ ಮೂಗಿನೆದುರು ಹಿಡಿದು
ಮುಕ್ಕಾಲು ಗಂಟೆ ಜಗಳಾಡಿದ ದಿನ
ಏಳು ಮೆಟ್ಟಿಲನ್ನು ಮೂರೇ ಹೆಜ್ಜೆಗೆ ಹತ್ತಿದ್ದೆ,
ಅರವತ್ತೊಂದರ ಕಾಲಲ್ಲಿ.
ಎಲ್ಲರೂ ಸೌಮ್ಯವಾಗಿದ್ದು ಲೆಕ್ಕವೆಲ್ಲ ಕೂಡಿಬಂದ ಸಂಜೆ
ಪೆನ್ನಿನ ಮುಚ್ಚಳವೂ ಭಾರ.

ಈಗ ಕಿಟಕಿಗೆ ಎತೇರಿ ಎಂಬ ಹುಡುಗಿ.
ಅವಳಿಗೆ ಯಾವುದು ಏರು, ಯಾವುದು ಇಳಿಜಾರು
ಇನ್ನೂ ಗೊತ್ತಾಗಿಲ್ಲ.
ನಾಣ್ಯಗಳನ್ನು ಗಾತ್ರದ ಪ್ರಕಾರ ಜೋಡಿಸುವಾಗ ಮಾತ್ರ
ಅವಳ ಬಿಗಿದ ಭುಜ ಸಡಿಲಾಗುವುದನ್ನು ಕಂಡಿದ್ದೇನೆ.
ಕೇಳಿಲ್ಲ. ನೋಡುತ್ತಿದ್ದೇನೆ.

ಬಾಗಿಲು ಹಾಕುವಾಗ ಕೆಂಡಕ್ಕೆ ಬೂದಿ ಎಳೆಯುವವನು ತ್ಸೋತ್ನೆ.
ನಿನ್ನೆ "ಸಲಿಕೆ ಇಲ್ಲಿ ಕೊಡು" ಎಂದೆ.
ನಾನು ಎಳೆದದ್ದು ತೆಳ್ಳಗಾಯಿತೇನೋ,
"ಇನ್ನೂ ಸ್ವಲ್ಪ" ಎಂದ.
ಆ ವಾರ ನನ್ನೊಡನೆ ಅವನಾಡಿದ ಮೊದಲ ಮಾತು.
ಏನೋ ಕೇಳಲು ತೆರೆದ ಬಾಯಿ ಮುಚ್ಚಿ
ಇನ್ನೊಂದು ಸಲಿಕೆ ಎಳೆದೆ.
ಮೇಲೆ ಬೀದಿಯಲ್ಲಿ ಜುಂಬೇರ್ ಯಾರನ್ನೋ ತಡೆದು ನಿಲ್ಲಿಸಿ
ಬೆಳಗಿನ ಕತೆ ಮುಗಿಸುತ್ತಿದ್ದ.